ಸಹಾಯ ಬೇಕು: ಎರ್ನಾಕುಲಂ ಫುಡ್ ಕೋರ್ಟ್‌ನಲ್ಲಿ ಅಮ್ಮನಿಗೆ ಏನು ಕೊಡಿಸಲಿ?

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡಿನ ಬದಿಯಡ್ಕದವರು. ಬರುವ ವಾರ ಅಮ್ಮನನ್ನು ಮತ್ತೆ ಎರ್ನಾಕುಲಂಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಮಧ್ಯಾಹ್ನಕ್ಕೆ ಹತ್ತಿರ ಇರುವುದು ಮಾಲ್‌ನ ಫುಡ್ ಕೋರ್ಟ್ ಒಂದೇ. ಅಮ್ಮ ನೀರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ.

ಹೋದ ಸಲ ದೋಸೆ ತೆಗೆದುಕೊಂಡೆ. ಸಾಂಬಾರಿನ ತುಂಬ ಸಣ್ಣ ಉಳ್ಳಿ. ಅಮ್ಮ ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗಿಟ್ಟರು. ಕೊನೆಗೆ ಸಾಂಬಾರನ್ನೇ ಬಿಟ್ಟು ದೋಸೆಗೆ ಸಕ್ಕರೆ ಹಾಕಿಕೊಂಡು ತಿಂದರು. ನೋಡಿ ಕರುಳು ಚುರುಕ್ ಎಂದಿತು. ಮೊಸರನ್ನ ಖಾಲಿ. ಪುಟ್ಟಿನ (ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ತಿಂಡಿ) ಜೊತೆಗಿದ್ದ ಕಡಲೆ ಗಸಿಯಲ್ಲೂ ಉಳ್ಳಿ. ಮಲಯಾಳದಲ್ಲೇ ವಿಚಾರಿಸಿದೆ. ಹಿಂದೆ ಉದ್ದ ಕ್ಯೂ, 'ವೆಜ್ ಆಣ್' (ವೆಜ್ಜೇ) ಅಂತಷ್ಟೇ ಉತ್ತರ. ವೆಜ್ ಅಂದರೆ ಉಳ್ಳಿ ಇಲ್ಲ ಅಂತ ಅಲ್ಲ, ಅಲ್ವಾ?

ಬುತ್ತಿ ಕಟ್ಟಿದರೆ ಬೆಳಗಿನ ಜಾವದ ರೈಲು, ತೆಂಗಿನಕಾಯಿ ಹಾಕಿದ್ದು ಮಧ್ಯಾಹ್ನಕ್ಕೆ ಹಳಸುತ್ತದೆ.

ಮನೆಯಲ್ಲಾದರೆ ಓಲನ್‌ಗೆ ಕುಂಬಳಕಾಯಿ, ತೆಂಗಿನ ಹಾಲು, ಹಸಿಮೆಣಸು ಸಾಕು. ತರಕಾರಿಗೆ ತೆಂಗಿನಕಾಯಿ ಹಾಕಿ ಮಾಡುವ ಅವಿಯಲ್‌ಗೂ ಉಳ್ಳಿ ಬೇಡ. ಹೋಟೆಲಿನವರೂ ಹಾಗೇ ಮಾಡುತ್ತಾರಾ? ನನ್ನ ಗೊಂದಲ ಇದೇ.

ಆ ಕಡೆ ಊಟ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ: ಮೀಲ್ಸ್ ಕೌಂಟರಿನ ಓಲನ್, ಅವಿಯಲ್ ನಂಬಿ ಕೊಡಿಸಬಹುದಾ, ಇಲ್ಲ ಇಡಿಯಪ್ಪಕ್ಕೆ (ಒತ್ತು ಶಾವಿಗೆ) ಬರೀ ತೆಂಗಿನ ಹಾಲು ಕೇಳುವುದೇ ಒಳ್ಳೆಯದಾ?