ಆರೇಳು ವರ್ಷದ ಮಕ್ಕಳಿಗೆ ಒಂದೇ ಓಕ್ ಮರದಿಂದ ಎಲ್ಲ ವಿಷಯಗಳನ್ನೂ ಕಲಿಸಬಹುದೇ?

ಪ್ರಶ್ನೆ: ಶಿಕ್ಷಕಿ, ನಾಟಿಂಗ್‌ಹ್ಯಾಮ್

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನಮ್ಮ ಶಾಲೆಯ ಅಂಗಳದಲ್ಲಿ ದೊಡ್ಡದೊಂದು ಓಕ್ ಮರವಿದ್ದು, ಈ ಶರತ್ಕಾಲದಲ್ಲಿ ವಿಜ್ಞಾನ, ಗಣಿತ, ಇತಿಹಾಸ, ಭಾಷೆ ಎಲ್ಲವನ್ನೂ ಅದರ ಸುತ್ತ ಹೆಣೆಯಬೇಕೆಂದಿದ್ದೇನೆ. ಆದರೆ ಯೋಜನೆ ಬರೆಯಲು ಕುಳಿತರೆ ಗಣಿತಕ್ಕೆ ಕಾಯಿ ಎಣಿಸುವುದು, ಚಿತ್ರಕಲೆಗೆ ಎಲೆಗೆ ಬಣ್ಣ ಹಚ್ಚುವುದು, ಇಷ್ಟೇ ಹೊಳೆಯುತ್ತದೆ. ಹೀಗಾದರೆ ಮರವು ಪಾಠಕ್ಕೊಂದು ನೆಪವಾಗುತ್ತದೆಯೇ ಹೊರತು ಮಕ್ಕಳಿಗೆ ಅದರ ಪರಿಚಯವಾಗುವುದಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಪ್ರಾಥಮಿಕ ಶಾಲಾ ಶಿಕ್ಷಕ, ಬರ್ಮಿಂಗ್‌ಹ್ಯಾಮ್

ಮೇಡಂ, ನಿಮ್ಮ ಆತಂಕ ಸರಿಯಾದುದೇ. ವಿಷಯಗಳ ಪಟ್ಟಿಯನ್ನು ಬದಿಗಿಟ್ಟು, "ಈ ಮರಕ್ಕೆ ಎಷ್ಟು ವಯಸ್ಸು?" ಎಂಬ ಒಂದೇ ಪ್ರಶ್ನೆಯಿಂದ ಆರಂಭಿಸಿ. ಬಯಲಿನಲ್ಲಿ ಬೆಳೆದ ಓಕ್ ಮರದ ಸುತ್ತಳತೆ ವರ್ಷಕ್ಕೆ ಸುಮಾರು 2.5 ಸೆಂ.ಮೀ. ಹೆಚ್ಚುತ್ತದೆ ಎಂಬುದು ಇಲ್ಲಿ ರೂಢಿಯಲ್ಲಿರುವ ಅಂದಾಜು. ಈ ವಯಸ್ಸಿನವರಿಗೆ ದಶಮಾಂಶದ ಭಾಗಾಕಾರ ಬಾರದು. ಆದ್ದರಿಂದ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡಕ್ಕೆ ದಾರ ಸುತ್ತಿ, ಆ ದಾರವನ್ನು 25 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ನೆಲದ ಮೇಲೆ ಸಾಲಾಗಿ ಇಡಿಸಿ. ಒಂದೊಂದು ತುಂಡೂ ಹತ್ತು ವರ್ಷ. ತಾವು ಹುಟ್ಟಿದ್ದು ಕೊನೆಯ ತುಂಡಿನಲ್ಲಿ, ಅಜ್ಜಿ ಹುಟ್ಟಿದ್ದು ಎಷ್ಟೋ ತುಂಡುಗಳ ಹಿಂದೆ ಎಂದು ಮಕ್ಕಳೇ ಗುರುತಿಸುವಾಗ ಗಣಿತ ತಾನಾಗಿಯೇ ಇತಿಹಾಸವಾಗುತ್ತದೆ.

ಶೆರ್ವುಡ್ ಕಾಡಿನ 'ಮೇಜರ್ ಓಕ್' ನಿಮಗೆ ಹತ್ತಿರವೇ ಇದೆ. ಅದರ ಸುತ್ತಳತೆ ಸುಮಾರು 11 ಮೀಟರ್. ಈ ಲೆಕ್ಕದಂತೆ 440 ವರ್ಷವಾಗಬೇಕು, ಆದರೆ 800ರಿಂದ 1,000 ವರ್ಷ ಎಂದು ಅಂದಾಜಿಸುತ್ತಾರೆ. ಮುದಿ ಮರ ನಿಧಾನವಾಗಿ ದಪ್ಪವಾಗುತ್ತದೆ ಎಂಬ ವಿಜ್ಞಾನ ಆ ವ್ಯತ್ಯಾಸದಲ್ಲೇ ಇದೆ.

ಉತ್ತರ 2: ಸಸ್ಯಶಾಸ್ತ್ರ ಉಪನ್ಯಾಸಕಿ, ಮೈಸೂರು

ಮರದ ಕೊಂಬೆಗಳಲ್ಲಿ ಗೋಲಿಯಷ್ಟು ದೊಡ್ಡ, ಕಂದು ಬಣ್ಣದ ಗಂಟುಗಳಿವೆಯೇ ನೋಡಿ. ಸಣ್ಣ ಕಣಜವೊಂದು ಮೊಗ್ಗಿನಲ್ಲಿ ಮೊಟ್ಟೆಯಿಟ್ಟಾಗ ಮರವೇ ಅದರ ಮರಿಯ ಸುತ್ತ ಬೆಳೆಸುವ ಮನೆ ಅದು. ಗಂಟಿನ ಮೇಲಿನ ಗುಂಡುಸೂಜಿಯ ತೂತು ಕಣಜ ಹೊರಬಂದ ದಾರಿ. ಇಂತಹ ಗಂಟುಗಳನ್ನು ಕುಟ್ಟಿ ನೆನೆಸಿದ ನೀರಿಗೆ ಕಬ್ಬಿಣದ ಲವಣ ಸೇರಿಸಿದರೆ ಶಾಯಿಯಾಗುತ್ತದೆ. ಇಂಗ್ಲೆಂಡಿನ ಹಕ್ಕುಪತ್ರವಾದ 1215ರ ಮ್ಯಾಗ್ನಾ ಕಾರ್ಟಾವನ್ನು ಬರೆದದ್ದು ಈ ಬಗೆಯ ಶಾಯಿಯಲ್ಲಿಯೇ. ಶಾಯಿಯನ್ನು ನೀವೇ ತಯಾರಿಸಿ, ಮಕ್ಕಳಿಗೆ ತಮ್ಮ ಹೆಸರು ಬರೆಯಲು ಕೊಡಿ. ಮೊದಲು ಮಸುಕಾಗಿ ಕಾಣುವ ಅಕ್ಷರ ಗಾಳಿ ತಾಗಿ ಕಣ್ಣೆದುರೇ ಕಪ್ಪಾಗುವುದನ್ನು ಅವರು ಮರೆಯಲಾರರು. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುವ ಮಾಚಿಕಾಯಿಯೂ ಪಶ್ಚಿಮ ಏಷ್ಯಾದ ಓಕ್ ಜಾತಿಯೊಂದರ ಗಂಟೇ ಆಗಿರುವುದರಿಂದ, ಊರಿನಿಂದ ಬರುವವರ ಕೈಯಲ್ಲಿ ಒಂದೆರಡು ತರಿಸಿಕೊಂಡರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಬಹುದು.

ಉತ್ತರ 3: ಪೋಷಕಿ, ರೆಡಿಂಗ್

ಭಾಷೆಯ ತರಗತಿಗೆ ಜೇ ಹಕ್ಕಿಯ ಕಥೆ ಸಾಕು. ಚಳಿಗಾಲಕ್ಕೆಂದು ಅದು ಕಾಯಿಗಳನ್ನು ದೂರ ಒಯ್ದು ಹೂತಿಡುತ್ತದೆ. ತಿನ್ನದೆ ಉಳಿದವು ಮೊಳೆಯುತ್ತವೆ. ಆ ಹಕ್ಕಿ ಮಾಡುವುದನ್ನೇ ಮಕ್ಕಳೂ ಮಾಡಲಿ. ಕಾಯಿಗಳನ್ನು ನೀರಿಗೆ ಹಾಕಿ, ತೇಲಿದವನ್ನು ಬಿಟ್ಟು ಮುಳುಗಿದವನ್ನು ಕುಂಡದಲ್ಲಿ ನೆಡಿಸಿ. ಮೊದಲು ಬೇರು ಇಳಿಯುತ್ತದೆ, ಚಿಗುರು ಕಾಣುವುದು ವಸಂತದಲ್ಲಿ. ಅಲ್ಲಿಯವರೆಗೆ ಮಕ್ಕಳು ತಾಳ್ಮೆಗೆಡದಂತೆ ಇದನ್ನು ಮೊದಲೇ ಹೇಳಿಬಿಡಿ. ಹಸಿ ಕಾಯಿಯನ್ನು ಯಾರೂ ಬಾಯಿಗೆ ಹಾಕಿಕೊಳ್ಳದಂತೆ ಎಚ್ಚರಿಸಿ, ಕುಂಡಗಳಿಗೆ ತಂತಿಬಲೆ ಮುಚ್ಚಿಸಿ. ಇಲ್ಲದಿದ್ದರೆ ಅಳಿಲುಗಳು ಒಂದನ್ನೂ ಉಳಿಸುವುದಿಲ್ಲ.