ದೊಡ್ಡಪ್ಪ ಬಿಪಿ ಮಾತ್ರೆ ಬಿಟ್ಟಿದ್ದಕ್ಕೆ ಬೈಯುವ ಮೊದಲು

ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪ ಯುಗಾದಿ ಆದ ಮೇಲೆ ಬಿಪಿ ಮಾತ್ರೆ ನಿಲ್ಲಿಸಿದ್ದಾರೆ ಅಂತ ಅಕ್ಕ ನಿನ್ನೆ ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ್ದಳು. ಅದರ ಕೆಳಗೆ ಎಲ್ಲರೂ ಸೇರಿ ಬೈದಿದ್ದನ್ನೂ ಓದಿದೆ. ಹಠ ಅಂದಿರಿ, ಅಸಡ್ಡೆ ಅಂದಿರಿ. ಯಾಕೆ ಬಿಟ್ಟಿರಿ ಅಂತ ಒಬ್ಬರೂ ಕೇಳಿಲ್ಲ. ನಾನು ಮೆಡಿಕಲ್ ಶಾಪಿನಲ್ಲಿ ಕೂರುವವಳು, ಮಾತ್ರೆ ಬಿಟ್ಟವರನ್ನು ದಿನಾ ನೋಡುತ್ತೇನೆ. ಉದ್ದ ಆದರೂ ಪೂರ್ತಿ ಓದಿ.

ತಲೆನೋವಿನ ಮಾತ್ರೆ ತಗೊಂಡರೆ ನೋವು ಹೋಗಿದ್ದು ಗೊತ್ತಾಗುತ್ತದೆ. ಬಿಪಿಗೆ ಹಾಗಿಲ್ಲ. ಜಾಸ್ತಿ ಇದ್ದಾಗಲೂ ಬಹಳ ಜನಕ್ಕೆ ಏನೂ ಗೊತ್ತಾಗಲ್ಲ, ಇಳಿದಾಗಲೂ ಗೊತ್ತಾಗಲ್ಲ. ಆರಾಮಾಗಿ ಓಡಾಡಿಕೊಂಡಿದ್ದವರಿಗೆ ಮಾತ್ರೆ ಶುರು ಮಾಡಿ, ಆಮೇಲೆ ಕಾಲು ಊದಿಕೊಂಡರೆ ಅವರು ಮಾತ್ರೆ ಮೇಲೇ ಅನುಮಾನ ಪಡುತ್ತಾರೆ. ಅದು ಸಹಜ ಅಲ್ವಾ?

ಆ ಅನುಮಾನ ಸುಳ್ಳೂ ಅಲ್ಲ. ಆಮ್ಲೋಡಿಪಿನ್ ಅಂತ ಒಂದು ಬಿಪಿ ಮಾತ್ರೆ, ನಮ್ಮ ಅಂಗಡಿಯಲ್ಲಿ ತುಂಬಾ ಹೋಗುತ್ತದೆ. ಅದು ಕೆಲವರಿಗೆ ಪಾದ ಊದಿಸುತ್ತದೆ, ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತದೆ. ಕಿಡ್ನಿ ಹೋಯಿತು ಅಂತ ಹೆದರಿ ಬಿಟ್ಟುಬಿಡುತ್ತಾರೆ. ರಾಮಿಪ್ರಿಲ್, ಎನಾಲಾಪ್ರಿಲ್ ಅನ್ನುವ ಬಿಪಿ ಮಾತ್ರೆಗಳು ಕೆಲವರಿಗೆ ಒಣಕೆಮ್ಮು ತರುತ್ತವೆ. ಪಾಪ, ಅವರು ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ ಒಯ್ಯುತ್ತಿರುತ್ತಾರೆ, ಕೆಮ್ಮಿಗೂ ಬಿಪಿ ಮಾತ್ರೆಗೂ ಸಂಬಂಧ ಇದೆ ಅಂತ ಯಾರೂ ಹೇಳಿರುವುದಿಲ್ಲ. ನೀರಿನ ಮಾತ್ರೆ, ಅಂದರೆ ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ಬಿಪಿ ಮಾತ್ರೆ ಇದ್ದರೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು. ಬಸ್ಸಿನಲ್ಲಿ ದೂರ ಹೋಗುವ ಹೆಂಗಸರು ಅವತ್ತು ಅದನ್ನು ನುಂಗುವುದೇ ಇಲ್ಲ. ಇದಕ್ಕೆಲ್ಲ ದಾರಿ ಇದೆ. ಡಾಕ್ಟರಿಗೆ ಹೇಳಿದರೆ ಡೋಸ್ ಕಮ್ಮಿ ಮಾಡುತ್ತಾರೆ, ಕೆಮ್ಮು ಬಂದವರಿಗೆ ಟೆಲ್ಮಿಸಾರ್ಟನ್ ತರಹದ ಬೇರೆ ಬಿಪಿ ಮಾತ್ರೆ ಕೊಡುತ್ತಾರೆ, ಹೊತ್ತು ಬದಲಿಸುತ್ತಾರೆ. ಆದರೆ ಬಹಳ ಜನ ಹೇಳುವುದೇ ಇಲ್ಲ, ಡಾಕ್ಟರ್ ಬೈಯುತ್ತಾರೆ ಅಂತ ಭಯ. ಕಿಡ್ನಿ ವಿಷಯಕ್ಕೆ ಬಂದರೆ, ವರ್ಷಗಟ್ಟಲೆ ಹಿಡಿತದಲ್ಲಿ ಇಲ್ಲದ ಬಿಪಿಯೇ ಕಿಡ್ನಿಯನ್ನು ಹಾಳು ಮಾಡುತ್ತದೆ.

ಚಿಕ್ಕಪ್ಪ, ನೀವು ಕೇಳಿದ್ದಿರಿ, 120/80 ಬಂದಿದೆಯಲ್ಲ, ಇನ್ನೂ ಯಾಕೆ ನುಂಗಬೇಕು ಅಂತ. ನುಂಗಿದ್ದಕ್ಕೇ ಅಷ್ಟು ಬಂದಿದ್ದು. ಇದರಲ್ಲಿ ಮೋಸ ಹೋಗುವುದು ಎಲ್ಲಿ ಅಂದರೆ, ಆಮ್ಲೋಡಿಪಿನ್ ಮೈಯಿಂದ ಬೇಗ ಹೋಗುವುದಿಲ್ಲ. ನಿಲ್ಲಿಸಿದ ಎರಡನೇ ದಿನ ನೋಡಿದರೂ ಬಿಪಿ ಸರಿಯಾಗಿಯೇ ಇರಬಹುದು. ನೋಡಿದ್ರಾ, ಮಾತ್ರೆ ಬೇಕಾಗೇ ಇರಲಿಲ್ಲ ಅಂತ ಧೈರ್ಯ ಬರುತ್ತದೆ, ಆಮೇಲೆ ಯಾರೂ ನೋಡಿಸುವುದಿಲ್ಲ, ಅದು ಮೆಲ್ಲಗೆ ಏರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್ ಅನ್ನುವ ಬಿಪಿ ಮಾತ್ರೆ ಆದರೆ ಇನ್ನೊಂದು ತರಹ. ಅವನ್ನು ದಿಢೀರ್ ಅಂತ ನಿಲ್ಲಿಸಲೇಬಾರದು, ಅದರಲ್ಲೂ ಹೃದಯದ ತೊಂದರೆ ಇರುವವರು.

ದುಡ್ಡಿನ ಮಾತೂ ಇದೆ. ತಿಂಗಳ ಕೊನೆಗೆ ಐದು ಮಾತ್ರೆ ಕತ್ತರಿಸಿ ಕೊಡಿ ಅನ್ನುತ್ತಾರೆ. ಕತ್ತರಿಸಿದ ತುಂಡಿನಲ್ಲಿ ಹೆಸರೂ ಇರಲ್ಲ, ತಾರೀಖೂ ಇರಲ್ಲ, ಮುಂದಿನ ಸಲ ಆ ಗುಲಾಬಿ ಬಣ್ಣದ್ದು ಕೊಡಿ ಅಂತ ಬರುತ್ತಾರೆ. ಬೇರೆ ಕಂಪನಿಯದು ಬಿಳಿ ಇದ್ದರೆ ಇದು ನಮ್ಮದಲ್ಲ ಅಂತ ವಾಪಸ್ ಹೋಗುತ್ತಾರೆ. ಜನೌಷಧಿಯಲ್ಲಿ ಕಮ್ಮಿಗೆ ಸಿಗುತ್ತದೆ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ. ಆದರೆ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲುವವರಿಗೆ ಅದೂ ಪುಕ್ಕಟೆ ಅಲ್ಲ.

ಅತ್ತೆ, ಬೆಳ್ಳುಳ್ಳಿ ತಿಂದರೆ ಸಾಕು ಅಂದಿರಿ. ತಿನ್ನಲಿ, ಬೇಡ ಅನ್ನಲ್ಲ. ಮಾತ್ರೆ ಬದಲಿಗೆ ಮಾತ್ರ ಬೇಡ. ಅದಕ್ಕಿಂತ ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡಿಸಿ. ಮೊಣಕಾಲು ನೋವಿಗೆ ಅಂತ ಕೇಳದೇ ನುಂಗುವ ನೋವಿನ ಮಾತ್ರೆಗಳೂ ಎಷ್ಟೋ ಸಲ ಬಿಪಿ ಏರಿಸುತ್ತವೆ, ದೊಡ್ಡಪ್ಪ ತಗೋತಾರಾ ಅಂತ ನೋಡಿ.

ದೊಡ್ಡಮ್ಮ, ಇವತ್ತು ಅವರನ್ನು ಐದು ನಿಮಿಷ ಸುಮ್ನೆ ಕೂರಿಸಿ ಬಿಪಿ ನೋಡಿಸಿ, ಮಾತ್ರೆ ಪಟ್ಟಿಯ ಫೋಟೋ ನನಗೆ ಕಳಿಸಿ. ಕಾಲು ಊತವೋ, ತಲೆಸುತ್ತೋ, ಬೇಜಾರೋ, ಏನೇ ಇದ್ದರೂ ಬಾಯಿಬಿಟ್ಟು ಹೇಳಲಿ, ಯಾರೂ ರೇಗಬೇಡಿ. ಬಿಟ್ಟಿದ್ದನ್ನು ಸರಿದೂಗಿಸಲು ಎರಡೆರಡು ನುಂಗುವುದು ಬೇಡ. ನಾಳೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಎದೆನೋವು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ನಾಳೆವರೆಗೆ ಕಾಯಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ.