ನಲಿಕಲಿ ಮಕ್ಕಳಿಗೆ ಮೈಸೂರು ಅರಮನೆಯನ್ನು ಹೇಗೆ ವಿವರಿಸಬೇಕು?

ಪ್ರಶ್ನೆ (ಶಿಕ್ಷಕಿ, ಹಾವೇರಿ ಜಿಲ್ಲೆ):
ಈ ಸಲದ ಶೈಕ್ಷಣಿಕ ಪ್ರವಾಸದಲ್ಲಿ ನಮ್ಮ ಶಾಲೆಯ ಎರಡನೆಯ ಮತ್ತು ಮೂರನೆಯ ತರಗತಿಯ ಮಕ್ಕಳನ್ನು ಮೈಸೂರಿಗೆ ಕರೆದೊಯ್ಯುತ್ತಿದ್ದೇವೆ. ಅರಸರ ಹೆಸರು, ಇಸವಿಗಳು ಈ ವಯಸ್ಸಿನವರ ತಲೆಗೆ ಹತ್ತುವುದಿಲ್ಲ. ಗದ್ದಲದಲ್ಲಿ ಒಬ್ಬರ ಬೆನ್ನು ಇನ್ನೊಬ್ಬರು ನೋಡುತ್ತ ನಡೆದು ಹೊರಗೆ ಬಂದುಬಿಡುತ್ತಾರೆ. “ರಾಜ ಈಗ ಎಲ್ಲಿದ್ದಾನೆ?” ಎಂದು ಈಗಿನಿಂದಲೇ ಕೇಳತೊಡಗಿದ್ದಾರೆ. ಹೊರಡುವ ಮುನ್ನ ತರಗತಿಯಲ್ಲಿ ಏನು ಹೇಳಿಕೊಟ್ಟರೆ ಒಳ್ಳೆಯದು?

ಉತ್ತರ 1 (ನಿವೃತ್ತ ಶಿಕ್ಷಕ, ಧಾರವಾಡ):
ಅಕ್ಕೋರೇ, ವಂಶಾವಳಿಯನ್ನು ಬದಿಗಿಟ್ಟು ಬೆಂಕಿಯಿಂದ ಕಥೆ ಶುರು ಮಾಡಿರಿ. ನಮ್ಮ ಕಡೆಯ ಮಕ್ಕಳಲ್ಲಿ ಕೆಲವರಾದರೂ ದೇಸಾಯರ ವಾಡೆಯನ್ನು ನೋಡಿರುತ್ತಾರೆ; ದಪ್ಪ ಮರದ ಕಂಬ, ಮರದ ತೊಲೆಗಳಿರುವ ಅಂಥ ವಾಡೆಯನ್ನು ಹತ್ತಾರು ಪಟ್ಟು ದೊಡ್ಡದಾಗಿ ಊಹಿಸಿಕೊಳ್ಳಲು ಹೇಳಿದರೆ ಮೈಸೂರಿನ ಹಳೆಯ ಅರಮನೆ ಅವರ ಕಣ್ಣಿಗೆ ಕಟ್ಟುತ್ತದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಆ ಮರದ ಅರಮನೆಗೆ ಬೆಂಕಿ ಬಿದ್ದಿತು. ಆಗ ಪಟ್ಟದಲ್ಲಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಬರೀ 12 ವರ್ಷ; ಅವರ ಪರವಾಗಿ ರಾಜ್ಯಭಾರ ನೋಡಿಕೊಳ್ಳುತ್ತಿದ್ದವರು ಅವರ ತಾಯಿ. ರಾಜನೆಂದರೆ ದೊಡ್ಡ ಮೀಸೆಯವನೇ ಎಂದುಕೊಂಡಿರುವ ಮಕ್ಕಳಿಗೆ ಈ ಸಂಗತಿ ಬಹಳ ಹಿಡಿಸುತ್ತದೆ.

ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ನಕ್ಷೆ ಬರೆದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಈ ಸಲ ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣವನ್ನೇ ಹೆಚ್ಚಾಗಿ ಬಳಸಿದರು. ಕಲ್ಯಾಣ ಮಂಟಪದ ಎತ್ತರದ ಕಂಬಗಳು ದೂರದ ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದವು. ಅಲ್ಲಿ ಮಕ್ಕಳನ್ನು ನಿಲ್ಲಿಸಿ ತಲೆ ಎತ್ತಿಸಿರಿ: ಬಣ್ಣದ ಗಾಜಿನ ಚಾವಣಿಯಲ್ಲಿ ನವಿಲುಗಳಿವೆ. ಗೋಡೆಯ ಸುತ್ತ ದಸರಾ ಮೆರವಣಿಗೆಯ ಚಿತ್ರಗಳಿರುವುದರಿಂದ, ಆನೆ, ಕುದುರೆ, ವಾದ್ಯದವರನ್ನು ಹುಡುಕುವ ಕೆಲಸವನ್ನು ಗುಂಪು ಗುಂಪಾಗಿ ಹಂಚಿಕೊಟ್ಟರೆ ಮಾರ್ಗದರ್ಶಕರ ಅಗತ್ಯವೇ ಬೀಳಲಿಕ್ಕಿಲ್ಲ.

ಉತ್ತರ 2 (ಪಾಲಕರು, ಗದಗ):
ಗುರುಗಳು ಹೇಳಿದ್ದು ಸರಿಯಾಗಿದೆ. ಆದರೆ ನನ್ನ ಮಗಳ ಮನಸ್ಸಿನಲ್ಲಿ ಉಳಿದದ್ದು ಚಿನ್ನದ ಅಂಬಾರಿ. ಮರದ ಚೌಕಟ್ಟಿಗೆ ಚಿನ್ನದ ತಗಡು ಹೊದಿಸಿದ ಅದರ ತೂಕ ಸುಮಾರು 750 ಕಿಲೋ. ಅದರಲ್ಲಿ ಕೆಂಪು ಮತ್ತು ಹಸಿರು ದೀಪಗಳಿದ್ದು, ಮೇಲೆ ಕುಳಿತ ಅರಸರು ನಿಲ್ಲು, ನಡೆ ಎಂದು ಮಾವುತನಿಗೆ ಅವುಗಳಿಂದಲೇ ಸನ್ನೆ ಮಾಡುತ್ತಿದ್ದರು. ಸಿಗ್ನಲ್ ನೋಡಿದ ಮಕ್ಕಳಿಗೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಈಗ ವಿಜಯದಶಮಿಯಂದು ಆ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿಯನ್ನು ಕೂಡಿಸುತ್ತಾರೆ. ರತ್ನಖಚಿತ ಸಿಂಹಾಸನವನ್ನು ಮಾತ್ರ ದಸರಾ ಕಾಲದಲ್ಲಷ್ಟೇ ಜೋಡಿಸಿ ಇಡುವುದರಿಂದ, ಉಳಿದ ದಿನಗಳಲ್ಲಿ ಅದು ಕಾಣುವುದಿಲ್ಲವೆಂದು ಮೊದಲೇ ಹೇಳಿಬಿಡಿರಿ. ಇಲ್ಲದಿದ್ದರೆ ದರ್ಬಾರ್ ಹಾಲಿನಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ.

ಉತ್ತರ 3 (ಹುಬ್ಬಳ್ಳಿ):
“ರಾಜ ಎಲ್ಲಿ” ಎಂಬ ಪ್ರಶ್ನೆಯನ್ನು ಹಾರಿಸಿ ಹೋಗಬಾರದು. ಮೊದಲು ಅರಸರು ನಾಡನ್ನು ಆಳುತ್ತಿದ್ದರು, ಈಗ ಆಳುವವರನ್ನು ನಿಮ್ಮ ಅಪ್ಪ-ಅಮ್ಮ ಮತ ಹಾಕಿ ಆರಿಸುತ್ತಾರೆ. ಅದಕ್ಕೇ ಅರಸರ ಮನೆಯೊಳಗೆ ಟಿಕೆಟ್ ತೆಗೆದುಕೊಂಡು ನಾವೆಲ್ಲ ಹೋಗಬಹುದು ಎಂದು ಹೇಳಿದರೆ ಸಾಕು. ಅರಮನೆಯ ಒಂದು ಭಾಗದಲ್ಲಿ ರಾಜಮನೆತನದವರು ಇಂದಿಗೂ ವಾಸವಾಗಿದ್ದಾರೆ ಎಂಬುದನ್ನೂ ಸೇರಿಸಿರಿ.

ಸಾಧ್ಯವಾದರೆ ಅದಕ್ಕೂ ಮೊದಲು ಒಂದು ದಿನ ಕಿತ್ತೂರಿಗೆ ಹೋಗಿಬನ್ನಿರಿ. ರಾಣಿ ಚನ್ನಮ್ಮನ ಅರಮನೆ ಪಾಳುಬಿದ್ದಿದ್ದರೂ ಸ್ನಾನದ ಕೋಣೆ, ಅಡುಗೆಮನೆ, ನೀರು ಹರಿದು ಬರುತ್ತಿದ್ದ ವ್ಯವಸ್ಥೆ ಅಲ್ಲಿ ಇನ್ನೂ ಗುರುತು ಹಿಡಿಯುವಂತಿವೆ, ಪಕ್ಕದಲ್ಲಿಯೇ ವಸ್ತುಸಂಗ್ರಹಾಲಯವೂ ಇದೆ. ಮೈಸೂರಿನಲ್ಲಿ ಕಾಣುವುದು ಬಹುತೇಕ ರಾಜರ ಸಭೆ ಮತ್ತು ಮೆರವಣಿಗೆಯ ವೈಭವ. ಅರಮನೆಯವರು ಎಲ್ಲಿ ಉಣ್ಣುತ್ತಿದ್ದರು, ಎಲ್ಲಿ ಸ್ನಾನ ಮಾಡುತ್ತಿದ್ದರು ಎಂದು ಕೇಳುವ ಮಕ್ಕಳಿಗೆ ಉತ್ತರ ಸಿಗುವುದು ಕಿತ್ತೂರಿನಲ್ಲಿಯೇ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಕಿತ್ತೂರಿನ ವಿಷಯವನ್ನು ಮುಖ್ಯ ಗುರುಗಳ ಮುಂದೆ ಇಡುತ್ತೇನೆ. ಬೆಂಕಿಯ ಕಥೆಯನ್ನಂತೂ ಸೋಮವಾರವೇ ಹೇಳುವವಳಿದ್ದೇನೆ.